ಹೊಸ ಬಡಾವಣೆಯಲ್ಲಿ ಶಾಲೆ, ಮನೆ, ಸಮುದಾಯ ಭವನ: ಯಾವುದನ್ನು ಎಲ್ಲಿ, ಯಾವಾಗ ಕಟ್ಟಬೇಕು?

ಪ್ರಶ್ನೆ (ಸಂಘದ ಸದಸ್ಯ, ಬಾಗಲಕೋಟೆ)

ಬಾಗಲಕೋಟೆಯ ಹೊರವಲಯದಲ್ಲಿ ನಮ್ಮ ಗೃಹನಿರ್ಮಾಣ ಸಹಕಾರ ಸಂಘವು 500 ಮನೆಗಳ ಬಡಾವಣೆಯನ್ನು ಯೋಜಿಸುತ್ತಿದೆ. ಶಾಲೆ, ಅಂಗನವಾಡಿ, ಗ್ರಂಥಾಲಯ ಮತ್ತು ಸಮುದಾಯ ಭವನಕ್ಕೆಂದು ಎರಡು ಎಕರೆ ತೆಗೆದಿರಿಸಲಾಗಿದೆ. ಆದರೆ ಈ ಜಾಗ ಹೆದ್ದಾರಿಯ ಪಕ್ಕದ ಮೂಲೆಯಲ್ಲಿದೆ. ಬಾಡಿಗೆ ಬರುತ್ತದೆಂಬ ಕಾರಣಕ್ಕೆ ಸಮುದಾಯ ಭವನವೇ ಮೊದಲಾಗಲಿ ಎಂದು ಕೆಲವು ಸದಸ್ಯರು ಹೇಳುತ್ತಿದ್ದಾರೆ. ನೀರು, ವಿದ್ಯುತ್ ಮತ್ತು ನಿರ್ವಹಣೆಯ ಹೊರೆ ಮುಂದಿನ ಪೀಳಿಗೆಯ ಮೇಲೆ ಬೀಳದಂತೆ ಇದನ್ನು ರೂಪಿಸುವುದು ಹೇಗೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ನಿವೃತ್ತ ಮುಖ್ಯೋಪಾಧ್ಯಾಯ)

ಮಾನ್ಯರೇ, ಮೊದಲು ಜಾಗ ಬದಲಿಸಿರಿ. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಶಾಲೆಯು ಒಂದು ಕಿಲೋಮೀಟರಿನೊಳಗೆ ಇರಬೇಕೆಂಬುದು ಶಿಕ್ಷಣ ಹಕ್ಕು ನಿಯಮಗಳ ಆಶಯ. ಮಗು ಹೆದ್ದಾರಿಯ ಅಂಚಿಗೆ ನಡೆದು ಬರಬೇಕಾದರೆ ಆ ಅಂತರ ಕಾಗದದ ಮೇಲೆ ಮಾತ್ರ ಕಡಿಮೆ.

ಮನೆಗೆ ನಾಲ್ಕೂವರೆ ಜನರೆಂದರೂ 2,250 ಜನಸಂಖ್ಯೆಯಾಗುತ್ತದೆ. ಪ್ರತಿ ತರಗತಿಗೆ ಸುಮಾರು 40 ಮಕ್ಕಳಂತೆ ಎಂಟನೆಯವರೆಗೆ 320 ಮಕ್ಕಳು ಸಿಗಬಹುದು; ಅವರಲ್ಲಿ ಒಂದಷ್ಟು ಮಂದಿ ವ್ಯಾನು ಹತ್ತಿ ಬೇರೆಡೆ ಹೋಗುವುದು ಖಂಡಿತ. ಇನ್ನೊಂದು ಸಂಗತಿಯಿದೆ. ಹೊಸ ಬಡಾವಣೆಗೆ ಒಮ್ಮೆಲೇ ಬರುವವರು ಬಹುತೇಕ ಎಳೆಯ ಸಂಸಾರದವರಾದ್ದರಿಂದ ಮೊದಲ ಹತ್ತು ವರ್ಷ ತರಗತಿಗಳು ತುಂಬಿ, ಆಮೇಲೆ ಖಾಲಿಯಾಗತೊಡಗುತ್ತವೆ. ನಿವೇಶನಗಳನ್ನು ಹಂತಹಂತವಾಗಿ ಹಂಚಿದರೆ ಈ ಏರಿಳಿತ ತಗ್ಗುತ್ತದೆ. ಮೇಲಂತಸ್ತಿನ ಭಾರ ತಾಳುವ ತಳಪಾಯ ಹಾಕಿ, ಸದ್ಯಕ್ಕೆ ಕೆಳಗಿನ ಕೋಣೆಗಳನ್ನಷ್ಟೇ ಕಟ್ಟಿರಿ. 400ರಿಂದ 800 ಜನರಿಗೆ ಒಂದು ಅಂಗನವಾಡಿ ಎಂಬ ಲೆಕ್ಕದಲ್ಲಿ ನಿಮಗೆ ಮೂರು ಬೇಕು. ಒಂದು ಶಾಲೆಯ ಮಗ್ಗುಲಿಗಿರಲಿ, ಉಳಿದೆರಡು ಮನೆಗಳ ನಡುವೆ ಇರಲಿ. ಸರ್ಕಾರಿ ಶಾಲೆಯೇ ಬೇಕೆಂದಾದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೂಲಕ ಮಂಜೂರಾತಿಯ ಪ್ರಯತ್ನ ಈಗಲೇ ಆರಂಭವಾಗಲಿ, ಏಕೆಂದರೆ ಕಟ್ಟಡ ಎದ್ದ ಮಾತ್ರಕ್ಕೆ ಶಿಕ್ಷಕರು ಬರುವುದಿಲ್ಲ.

ಉತ್ತರ 2 (ಸಿವಿಲ್ ಎಂಜಿನಿಯರ್)

ಜಾಗ ಎರೆಭೂಮಿಯೋ (ಕಪ್ಪು ಜೇಡಿಮಣ್ಣು) ಗರಸುಭೂಮಿಯೋ (ಜಲ್ಲಿ ಬೆರೆತ ಗಟ್ಟಿ ಮಣ್ಣು) ಎಂಬುದನ್ನು ತಾವು ಹೇಳಿಲ್ಲ. ನಮ್ಮ ಭಾಗದಲ್ಲಿ ಅರ್ಧ ಖರ್ಚನ್ನು ನಿರ್ಧರಿಸುವುದು ಇದೇ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ, ಸಾಮಾನ್ಯ ತಳಪಾಯದ ಮೇಲೆ ಎದ್ದ ಗೋಡೆ ಕೆಲವೇ ವರ್ಷಗಳಲ್ಲಿ ಸೀಳುತ್ತದೆ. ನೆರಳಿಗೆಂದು ಗೋಡೆಗೆ ತಾಗಿ ದೊಡ್ಡ ಮರ ನೆಡುವುದೂ ಇಲ್ಲಿ ತಪ್ಪು. ಬೇರುಗಳು ತೇವ ಹೀರಿದಷ್ಟೂ ಮಣ್ಣು ಕುಗ್ಗುತ್ತದೆ. ಬೇವಿನ ಮರಗಳು ಮೈದಾನದ ಅಂಚಿನಲ್ಲಿರಲಿ.

ಕಟ್ಟಡದ ಉದ್ದ ಪೂರ್ವ-ಪಶ್ಚಿಮವಾಗಿದ್ದು, ಕಿಟಕಿಗಳು ಉತ್ತರಕ್ಕೂ ದಕ್ಷಿಣಕ್ಕೂ ತೆರೆಯಬೇಕು. ದಕ್ಷಿಣಕ್ಕೆ ಪಡಸಾಲೆ, ಪಶ್ಚಿಮದ ಬಿಸಿಲಿಗೆ ಮೆಟ್ಟಿಲು ಮತ್ತು ಉಗ್ರಾಣ ಸಾಕು. ವರ್ಷಕ್ಕೆ 550 ಮಿಲಿಮೀಟರ್ ಮಳೆಯೆಂದು ಹಿಡಿದು, ನೂರಕ್ಕೆ ಇಪ್ಪತ್ತು ಪಾಲು ವ್ಯರ್ಥವಾದರೂ, 600 ಚದರ ಮೀಟರ್ ಮಾಳಿಗೆಯಿಂದ 2,64,000 ಲೀಟರ್ ನೀರು ಸಿಗುತ್ತದೆ. 300 ಮಕ್ಕಳ ಕುಡಿಯುವ ನೀರಿಗೂ ಬಿಸಿಯೂಟಕ್ಕೂ ತಲಾ ಐದು ಲೀಟರಿನಂತೆ ಇದು ಸುಮಾರು 176 ದಿನಗಳ ನೀರು. ಜಿಲ್ಲೆಯ ಕೆಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವುದನ್ನು ನೆನೆದರೆ ತೊಟ್ಟಿಯ ಖರ್ಚು ಭಾರವೆನಿಸದು. 10 ಕಿಲೋವ್ಯಾಟ್ ಸೌರಫಲಕ ದಿನಕ್ಕೆ ಸುಮಾರು 40 ಯೂನಿಟ್ ಕೊಡುತ್ತದೆ. ಮೇ ತಿಂಗಳ ರಜೆಯಲ್ಲಿ ಅದು ಬಡಾವಣೆಯ ನೀರಿನ ಪಂಪಿಗಾಗಲಿ.

ಉತ್ತರ 3 (ನವನಗರದ ನಿವಾಸಿ)

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗ ಮುಳುಗಿದ್ದರಿಂದ, ಪುನರ್ವಸತಿಗೆಂದು ಕಟ್ಟಿದ ನವನಗರಕ್ಕೆ ಬಂದ ಮೇಲೂ ಪೇಟೆಗೆ ಹಳೆಯ ಊರಿಗೇ ಹೋಗುವ ಕುಟುಂಬಗಳು ನಮ್ಮಲ್ಲಿವೆ. ಸೆಕ್ಟರು, ರಸ್ತೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಜನ ಸೇರುವ ಜಾಗ ತಾನಾಗಿ ಹುಟ್ಟುವುದಿಲ್ಲ. ಸಮುದಾಯ ಭವನವನ್ನು ಮೊದಲು ಕಟ್ಟುವುದಕ್ಕೆ ನನ್ನ ಸ್ಪಷ್ಟ ವಿರೋಧವಿದೆ: ಅದು ಮದುವೆ ಮಂಟಪವಾಗಿ, ಪರೀಕ್ಷೆಯ ದಿನಗಳಲ್ಲಿ ಡಿಜೆ ಸದ್ದು ಶಾಲೆಗೆ ಬಡಿಯುತ್ತದೆ. ಭವನಕ್ಕೆ ಬೇರೆ ಗೇಟು, ಬೇರೆ ಮೀಟರು ಇರಲಿ. ಗ್ರಂಥಾಲಯ ಮತ್ತು ಮೈದಾನ ಶಾಲೆಯ ವೇಳೆಯ ನಂತರ ಊರಿಗೆ ತೆರೆದಿರಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಶಾಲೆಯ ಆವರಣವನ್ನು ಹೀಗೆ ಬಳಸಬೇಕೆನ್ನುತ್ತದೆ. ಬಿಸಿಯೂಟದ ಅಡುಗೆಮನೆಯನ್ನು ಮಾತ್ರ ಯಾವ ಕಾರ್ಯಕ್ರಮಕ್ಕೂ ಕೊಡಬೇಡಿರಿ. ಸಂಜೆಯ ದೀಪದ ಬಿಲ್ಲು ಯಾರದು, ಶೌಚಾಲಯ ತೊಳೆಸುವವರು ಯಾರು ಎಂಬುದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮತ್ತು ಸಂಘ ಸೇರಿ ಈಗಲೇ ಬರವಣಿಗೆಯಲ್ಲಿ ಇಟ್ಟುಕೊಳ್ಳಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಭೂಮಿ ಎರೆಯೇ. ಎಂಜಿನಿಯರ್ ಅವರೇ, ಮಣ್ಣು ತೆಗೆದು ಗರಸು ತುಂಬಿದರೆ ಸಾಕಾಗುವುದೇ?

ಉತ್ತರ 2 (ಸಿವಿಲ್ ಎಂಜಿನಿಯರ್)

ಎರೆಯ ಪದರ ತೆಳ್ಳಗಿದ್ದರೆ ಸಾಕು. ಆಳವಾಗಿದ್ದರೆ ತಳದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳನ್ನು, ಅಂದರೆ ಪೈಲ್‌ಗಳನ್ನು ಹಾಕಿಸಿ, ಮೇಲೆ ತೊಲೆ ಕೂಡಿಸಬೇಕಾಗುತ್ತದೆ. ಶಾಲೆಯನ್ನು ಒಳಗಿನ ಜಾಗಕ್ಕೆ ಸರಿಸುವ ಮುನ್ನ ಅಲ್ಲಿ ನಾಲ್ಕೈದು ಕಡೆ ಗುಂಡಿ ತೋಡಿಸಿ ಮಣ್ಣು ಪರೀಕ್ಷೆ ಮಾಡಿಸಿರಿ. ನಕ್ಷೆಗೆ ಸಹಿ ಅದರ ನಂತರವಾಗಲಿ.