ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದ್ಮೇಲೆ ಗಾಳಕ್ಕೆ ಇಳಿಯೋರು ಈಗ್ಲೇ ಏನೇನು ತಯಾರಿ ಮಾಡ್ಕೊಳ್ತೀರಿ?

ತುಂಗೆ ದಡದವ

ಎಲ್ಲರಿಗೂ ನಮಸ್ಕಾರ. ಊರು ತೀರ್ಥಹಳ್ಳಿ ಕಡೆ, ಕೆಲಸ ಶಿವಮೊಗ್ಗದಲ್ಲಿ. ಆರಿದ್ರೆ ಮಳೆ ಜೋರು ಹಿಡ್ಕೊಂಡಿದೆ, ಹೊರಗೆ ಕಾಲಿಡೋ ಹಂಗಿಲ್ಲ, ಅದ್ಕೇ ಅಟ್ಟದ ಮೇಲಿಂದ ಗಾಳದ ಸಾಮಾನೆಲ್ಲ ಇಳಿಸಿ ಹರಡ್ಕೊಂಡು ಕೂತಿದೀನಿ. ಚಿಕ್ಕಂದಿನಿಂದ ಬಿದಿರು ಗಳಕ್ಕೆ ದಾರ ಕಟ್ಟಿ ಎರೆಹುಳ ಚುಚ್ಚಿ ಹಳ್ಳದಲ್ಲಿ ಗೊಜಲೆ ಮೀನು ಹಿಡಿದು ರೂಢಿ, ರಾಡು ರೀಲು ಕೈಗೆ ಬಂದಿದ್ದು ಇತ್ತೀಚೆಗೆ, ಹಂಗಾಗಿ ಅದರ ಆರೈಕೆ ಸರಿಯಾಗಿ ಗೊತ್ತಿಲ್ಲ. ರೀಲು ತಿರುಗಿಸಿದ್ರೆ ಒಳಗೆ ಮರಳು ಸಿಕ್ಕಂಗೆ ಕರಕರ ಅಂತದೆ, ಲೈನು (ಗಾಳದ ದಾರ) ಸುರುಳಿ ಸುರುಳಿಯಾಗಿ ಸೆಟೆದು ನಿಂತಿದೆ. ಇದನ್ನೇ ಸರಿ ಮಾಡ್ಬಹುದಾ ಇಲ್ಲ ಹೊಸದೇ ಬೇಕಾ? ನಿಷೇಧ ಮುಗಿದ ಮೇಲೆ ಮೊದಲು ಎಲ್ಲಿ ಹೋಗೋದು ಒಳ್ಳೇದು, ಯಾರ ಹತ್ರ ಕೇಳ್ಬೇಕು, ಅದನ್ನೂ ಹೇಳಿ.

ಇನ್ನೊಂದು ವಿಷ್ಯ. ಊರಿಂದ ಫೋನ್ ಮೇಲೆ ಫೋನು, ಹತ್ಮೀನು (ಮಳೆಗೆ ಮೊಟ್ಟೆ ಇಡೋಕೆ ಹಳ್ಳ ಹತ್ತಿ ಬರೋ ಮೀನು) ಶುರುವಾಗಿದೆ, ಗದ್ದೆ ಬಯಲಿಗೆಲ್ಲ ಹತ್ತಿದಾವೆ, ರಾತ್ರಿ ಬ್ಯಾಟರಿ ತಗೊಂಡು ಬಾ ಮಾರಾಯ ಅಂತ. ಹೊಟ್ಟೆ ತುಂಬ ಮೊಟ್ಟೆ ಇರೋ ಮೀನು ಅವು, ಮನಸ್ಸು ಒಪ್ತಿಲ್ಲ. ಹೋಗ್ದೇ ಇದ್ರೆ ಅವರಿಗೆ ಬೇಜಾರು. ನೀವೆಲ್ಲ ಏನು ಮಾಡ್ತೀರಿ?

ಗಾಜನೂರು ಗಾಳ

ಮೊದಲು ಸಾಮಾನಿನ ವಿಷ್ಯ ಹೇಳ್ತೀನಿ. ಕರಕರ ಅಂದ್ರೆ ಸಾಮಾನ್ಯವಾಗಿ ಹಳೇ ಗ್ರೀಸು ಒಣಗಿ ಮಣ್ಣು ಹಿಡ್ಕೊಂಡಿದೆ ಅಂತ ಅರ್ಥ, ರೀಲೇ ಹಾಳಾಗಿರೋದು ಕಮ್ಮಿ. ಪಕ್ಕದ ಮುಚ್ಚಳದ ಸ್ಕ್ರೂ ಬಿಚ್ಚಿ, ಬಿಚ್ಚೋವಾಗ ಒಂದೊಂದು ಹಂತಕ್ಕೂ ಮೊಬೈಲಲ್ಲಿ ಫೋಟೋ ತೆಗೀರಿ, ಇಲ್ದಿದ್ರೆ ವಾಪಸ್ ಜೋಡಿಸೋವಾಗ ಒಂದು ವಾಷರ್ ಕೈಯಲ್ಲೇ ಉಳೀತದೆ. ಹಳೇ ಗ್ರೀಸನ್ನ ಬಟ್ಟೆಯಲ್ಲಿ ಒರೆಸಿ, ಹಲ್ಲಿನ ಚಕ್ರಕ್ಕೆ ಹೊಸ ಗ್ರೀಸು ತೆಳ್ಳಗೆ ಸವರಿ, ಬೇರಿಂಗಿಗೆ ಮತ್ತೆ ಲೈನು ಹಾದು ಹೋಗೋ ಸಣ್ಣ ರೋಲರಿಗೆ ಹೊಲಿಗೆ ಮಷಿನ್ ಎಣ್ಣೆ ಒಂದೊಂದು ಹನಿ ಸಾಕು. ಲೈನಿನ ಬಿಗಿ ಹೊಂದಿಸೋ ಡ್ರ್ಯಾಗ್ ನಾಬನ್ನ ಯಾವಾಗ್ಲೂ ಸಡಿಲ ಬಿಟ್ಟೇ ಎತ್ತಿಡಿ, ಬಿಗಿ ಮಾಡಿ ತಿಂಗಳುಗಟ್ಟಲೆ ಇಟ್ರೆ ಒಳಗಿನ ವಾಷರ್‌ಗಳು ಚಪ್ಪಟೆಯಾಗಿ ಅಂಟ್ಕೊಳ್ತಾವೆ, ಆಮೇಲೆ ದೊಡ್ಡ ಮೀನು ಎಳೆದಾಗ ಲೈನು ಬಿಡೋ ಬದಲು ಕಟ್ಟಾಗ್ತದೆ.

ಲೈನು ಮಾತ್ರ ಹೊಸದೇ ಹಾಕಿ. ನೈಲಾನ್ ಮೋನೊ (ಒಂಟಿ ಎಳೆ ಲೈನು) ಆದ್ರೆ ಬಿಸಿಲಿಗೆ ಶಕ್ತಿ ಕಳ್ಕೊಳ್ತದೆ, ಒಂದು ಸೀಸನ್ ಸರಿಯಾಗಿ ಬಳಸಿದ ಮೇಲೆ ಬದಲಾಯಿಸೋದೇ ಒಳ್ಳೇದು. ಕಾಟ್ಲಾ ರೋಹು ಮೀನಿಗೆ 0.35 ಎಂಎಂ ಮೋನೊ ಆರಾಮಾಗಿ ಆಗ್ತದೆ. ಮುರುಗೋಡು ಮೀನಿಗೆ ಕಪ್ಪೆ ಲ್ಯೂರ್ (ಕಪ್ಪೆ ಆಕಾರದ ಕೃತಕ ಎರೆ) ಹಾಕೋರಾದ್ರೆ ಬ್ರೇಡ್, ಅಂದ್ರೆ ಎಳೆ ಹೆಣೆದ ಲೈನು, ಬೇಕೇ ಬೇಕು, ಆ ಮೀನು ಜೊಂಡಿನ ಒಳಗೆ ನುಗ್ತದೆ, ಮೋನೊ ಹಿಗ್ಗೋದ್ರಿಂದ ಜೊಂಡಿಂದ ಎಳೆದು ತರೋಕಾಗಲ್ಲ.

ರಾಡಿನ ರಿಂಗುಗಳನ್ನ ಜನ ನೋಡೋದೇ ಇಲ್ಲ. ಸ್ವಲ್ಪ ಹತ್ತಿ ತಗೊಂಡು ಪ್ರತಿ ರಿಂಗಿನ ಒಳಗೂ ಆಡಿಸಿ. ಎಲ್ಲಿ ಹತ್ತಿ ಎಳೆ ಸಿಕ್ಕಾಕ್ಕೊಳ್ತದೋ ಅಲ್ಲಿ ಕೂದಲೆಳೆ ಬಿರುಕಿದೆ, ಕಣ್ಣಿಗೆ ಕಾಣಲ್ಲ, ಹೊಸ ಲೈನನ್ನ ಬ್ಲೇಡಿನ ಹಂಗೆ ಕುಯ್ತದೆ. ಗಂಟು ಹಾಕೋವಾಗ ಬಿಗಿ ಮಾಡೋಕೆ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಿ, ಒಣ ಗಂಟು ತಿಕ್ಕಾಟದ ಬಿಸಿಗೆ ಅಲ್ಲೇ ಸುಟ್ಟಂಗಾಗಿ ಬಲ ಕಳ್ಕೊಳ್ತದೆ. ಗಾಳದ ತುದಿ ಉಗುರಿನ ಮೇಲೆ ಇಟ್ಟು ಮೆಲ್ಲಗೆ ಎಳೆದು ನೋಡಿ, ಜಾರಿದ್ರೆ ಮೊಂಡಾಗಿದೆ, ಕಚ್ಚಿ ನಿಂತ್ರೆ ಸರಿ ಇದೆ. ತುಕ್ಕು ಹಿಡಿದಿದ್ದನ್ನ ಉಜ್ಜಿ ಬಳಸೋದು ಬೇಡ, ಬಿಸಾಕಿ.

ಹೊಸನಗರ ಅಡಿಕೆ ತೋಟ

ಹತ್ಮೀನಿನ ಬಗ್ಗೆ ಕೇಳಿದ್ರಲ್ಲ, ಅದಕ್ಕೆ ನಾನು ಹೇಳ್ತೀನಿ. ಹೋಗ್ಬೇಡಿ. ನಿಮ್ಮ ಮನಸ್ಸು ಹೇಳಿದ್ದೇ ಸರಿ.

ಕಾಟ್ಲಾ, ರೋಹು, ಮೃಗಾಲ್ ಇವು ಮೂರೂ ಗಂಗಾ ಬಯಲಿನ ಮೀನು, ನಮ್ಮ ಕಡೆಯವಲ್ಲ. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಅನ್ನೋ ವಿಜ್ಞಾನಿ ಪಿಟ್ಯುಟರಿ ಗ್ರಂಥಿ ರಸದ ಇಂಜೆಕ್ಷನ್ ಕೊಟ್ಟು ಈ ಜಾತಿ ಗೆಂಡೆಗಳು ಹೊಂಡದಲ್ಲೇ ಮೊಟ್ಟೆ ಇಡೋ ಹಂಗೆ ಮಾಡಿದ್ರು, ಆ ದಿನ ಜುಲೈ 10, ಈಗ್ಲೂ ಅದನ್ನ ರಾಷ್ಟ್ರೀಯ ಮೀನು ಕೃಷಿಕರ ದಿನ ಅಂತ ಆಚರಿಸ್ತಾರೆ. ಅಲ್ಲಿಂದ ಮುಂದೆ ಮರಿ ಮಾಡೋದು ಸುಲಭ ಆಯ್ತು, ಡ್ಯಾಮಿಗೂ ಕೆರೆಗೂ ಮರಿ ತಂದು ಬಿಡ್ತಾರೆ, ಖಾಲಿ ಆದ್ರೆ ಮತ್ತೆ ಬಿಡ್ತಾರೆ. ಆದ್ರೆ ಈ ಮಳೆಗೆ ನಿಮ್ಮ ಹಳ್ಳ ಹತ್ತಿ ಬರೋದು ಗೊಜಲೆ, ಗಿರ್ಲು, ಮುರುಗೋಡು, ಬಾಳೆ. ಇವುಗಳ ಮರಿ ತಂದು ನಮ್ಮ ಹಳ್ಳಕ್ಕೆ ಬಿಡೋರು ಯಾರಿದಾರೆ? ಗದ್ದೆ ಅಂಚಲ್ಲಿ, ತೋಟದ ಕಪ್ಪಿನಲ್ಲಿ (ನೀರು ಬಸಿಯೋ ಕಾಲುವೆಯಲ್ಲಿ), ತೆಳ್ಳಗೆ ನೀರು ನಿಂತ ಹುಲ್ಲಲ್ಲಿ ತಾವೇ ಮೊಟ್ಟೆ ಇಟ್ರೆ ಉಂಟು, ಇಲ್ದಿದ್ರೆ ಇಲ್ಲ. ನಮ್ಮ ತೋಟದ ಕೆಳಗಿನ ಹಳ್ಳದಲ್ಲಿ ಮೊದಲು ಕೈ ಹಾಕಿದ್ರೆ ಮೀನು ತಾಗ್ತಿತ್ತು, ಈಗ ಮಕ್ಕಳಿಗೆ ತೋರಿಸೋಣ ಅಂದ್ರೂ ಹುಡುಕ್ಬೇಕು. ಅದನ್ನ ನೆನೆಸ್ಕೊಂಡ್ರೆ ಹೊಟ್ಟೆ ಉರೀತದೆ.

ಕಾನೂನಿನ ಪ್ರಕಾರನೂ ಮಳೆಗಾಲದ ಈ ನಿಷೇಧ ಇರೋದೇ ಮೀನು ಮೊಟ್ಟೆ ಇಡ್ಲಿ ಅಂತ. ಪ್ರತಿ ವರ್ಷ ಮೀನುಗಾರಿಕೆ ಇಲಾಖೆಯ ಪ್ರಕಟಣೆ ಪೇಪರಲ್ಲಿ ಬರ್ತದೆ, ತಾರೀಖು ಅದ್ರಲ್ಲೇ ನೋಡ್ಕೊಳ್ಳಿ, ವಾಟ್ಸಾಪಲ್ಲಿ ಓಡಾಡೋದನ್ನ ನಂಬಬೇಡಿ.

ಕೊಪ್ಪದ ಕೂಣಿ

ಅಡಿಕೆ ತೋಟದ ಅಣ್ಣ ಹೇಳಿದ್ದು ಅರ್ಧ ಒಪ್ತೀನಿ, ಅರ್ಧ ಒಪ್ಪಲ್ಲ. ನಮ್ಮಜ್ಜನ ಕಾಲದಿಂದ ಕೂಣಿ, ಅಂದ್ರೆ ಮೀನು ಬೀಳೋ ಬುಟ್ಟಿ, ಹಾಕ್ತಾ ಬಂದಿದೀವಿ, ಬಿದಿರು ಸೀಳಿ ಕೈಯಾರೆ ಹೆಣೆದಿದ್ದು, ಸಣ್ಣ ಮೀನು ಸಂದಿಯಲ್ಲಿ ನುಸುಳಿ ಹೋಗ್ತದೆ. ಮನೆಗೆ ಒಂದು ಸಾರಿಗೆ ಆಗೋಷ್ಟು ಸಿಕ್ರೆ ಕೂಣಿ ಎತ್ತಿಬಿಡೋರು. ಅಷ್ಟು ವರ್ಷ ಹಿಡಿದ್ರೂ ಹಳ್ಳದಲ್ಲಿ ಮೀನು ಇತ್ತಲ್ಲ? ಹಾಳಾಗಿದ್ದು ಯಾವಾಗ ಅಂದ್ರೆ ಹಳ್ಳಕ್ಕೆ ಬ್ಲೀಚಿಂಗ್ ಪೌಡರ್ ಸುರಿಯೋಕೆ ಶುರು ಮಾಡಿದ್ಮೇಲೆ, ಗುಂಡಿಗೆ ತೋಟೆ ಹಾಕಿ ಸಿಡಿಸಿದ್ಮೇಲೆ, ಕರೆಂಟ್ ಬಿಟ್ಟು ಹಿಡಿಯೋದು ಬಂದ್ಮೇಲೆ, ಸೊಳ್ಳೆ ಪರದೆಯಂಥ ಬಲೆಯಲ್ಲಿ ಹಳ್ಳಾನೇ ಅಡ್ಡ ಕಟ್ಟಿದ್ಮೇಲೆ. ತೋಟೆ ಮತ್ತೆ ವಿಷ ಹಾಕೋದು 1897ರ ಮೀನುಗಾರಿಕೆ ಕಾಯ್ದೆಯಲ್ಲೇ ಅಪರಾಧ, ನೂರಿಪ್ಪತ್ತು ವರ್ಷದ ಮೇಲಾಯ್ತು, ಇವತ್ತಿಗೂ ನಿಂತಿಲ್ಲ. ಅದನ್ನ ಬಿಟ್ಟು ಒಂದು ಕೂಣಿ ಇಟ್ಟ ಬಡವನ್ನ ಬೈಯೋದು ನಂಗೆ ಸರಿ ಕಾಣಲ್ಲ.

ಇಷ್ಟು ಹೇಳಿದ್ರೂ ನಾನು ಈಗ ನಿಷೇಧದ ಟೈಮಲ್ಲಿ ಕೂಣಿ ಇಡಲ್ಲ. ಹಳ್ಳದಲ್ಲಿ ಉಳಿದಿರೋದೇ ಕಮ್ಮಿ, ಅಜ್ಜನ ಕಾಲದ ಲೆಕ್ಕ ಈಗ ನಡೆಯಲ್ಲ. ಆದ್ರೆ ಕೂಣಿ ಹೆಣೆಯೋದನ್ನ ಮಗನಿಗೆ ಕಲಿಸ್ತಿದೀನಿ, ಆ ಕೆಲಸ ನಮ್ಮ ಜೊತೆಗೇ ಹೋಗ್ಬಾರ್ದು.

ಸಾಗರದ ಹುಡುಗ

ನಾನು ಸಾಗರದವನು, ಈಗ ಕೆನಡಾದ ವ್ಯಾಂಕೂವರ್ ಹತ್ರ ಇದೀನಿ. ಇಲ್ಲಿ ಸಾಲ್ಮನ್ ಸೀಸನ್ ಬಂತಂದ್ರೆ ಎಲ್ಲರ ಮನೇಲೂ ಇದೇ ತಯಾರಿ, ನೀವು ಬರೆದಿದ್ದು ಓದಿ ಊರೇ ನೆನಪಾಯ್ತು. ಸಾಲ್ಮನ್ನೂ ಒಂಥರಾ ಹತ್ಮೀನೇ ನೋಡಿ, ಸಮುದ್ರದಿಂದ ಹೊಳೆ ಹತ್ತಿ ತಾನು ಹುಟ್ಟಿದ ಜಾಗಕ್ಕೇ ವಾಪಸ್ ಬಂದು ಮೊಟ್ಟೆ ಇಡ್ತದೆ. ಇಲ್ಲಿನ ಪದ್ಧತಿ ಸ್ವಲ್ಪ ಹೇಳ್ತೀನಿ.

ಸಮುದ್ರದಲ್ಲಿ ಗಾಳ ಹಾಕೋಕೆ ಲೈಸೆನ್ಸ್ ಬೇಕು, ಅದು ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ಸಾಲ್ಮನ್ ಮನೆಗೆ ಒಯ್ಯಬೇಕಾದ್ರೆ ಲೈಸೆನ್ಸ್ ಮೇಲೆ ಬೇರೆ ಸ್ಟ್ಯಾಂಪ್ ತಗೋಬೇಕು. ಚಿನೂಕ್ ಅನ್ನೋ ದೊಡ್ಡ ಜಾತಿ ಇಟ್ಕೊಂಡ್ರೆ ಅಲ್ಲೇ ನಿಂತಲ್ಲೇ ಬರೆದಿಡಬೇಕು, ಮನೆಗೆ ಹೋಗಿ ಬರೀತೀನಿ ಅನ್ನಂಗಿಲ್ಲ. ಗಾಳದ ತುದಿ ಹಿಂದೆ ಇರ್ತದಲ್ಲ ಸಣ್ಣ ಮುಳ್ಳು, ಸಾಲ್ಮನ್‌ಗೆ ಆ ಮುಳ್ಳು ಇರೋ ಗಾಳ ಬಳಸಂಗೇ ಇಲ್ಲ, ಇರೋದನ್ನ ಇಕ್ಕಳದಲ್ಲಿ ಅಮುಕಿ ಚಪ್ಪಟೆ ಮಾಡ್ಕೋಬೇಕು. ಬಿಡಬೇಕಾದ ಮೀನು ಬಿದ್ರೆ ಬಾಯಿ ಹರಿಯದೇ ಬಿಡಿಸೋಕೆ. ಸೀಸನ್ನೂ ಎಲ್ಲಾ ಕಡೆ ಒಂದೇ ದಿನ ಶುರುವಾಗಲ್ಲ, ಒಂದೊಂದು ಹೊಳೆಗೆ ಒಂದೊಂದು ಜಾತಿಗೆ ಬೇರೆ ಬೇರೆ, ಮಧ್ಯದಲ್ಲೇ ಮುಚ್ಚೋದೂ ಉಂಟು, ಅದ್ಕೇ ಇಲ್ಲಿ ಪ್ರತಿ ಸಲ ಮನೆಯಿಂದ ಹೊರಡೋಕೆ ಮುಂಚೆ ಸರ್ಕಾರದ ನೋಟೀಸ್ ನೋಡೇ ಹೊರಡ್ತೀವಿ. ಫ್ರೇಸರ್ ನದಿಗೆ ಪಿಂಕ್ ಸಾಲ್ಮನ್ ಬರೋದು ಬೆಸ ಸಂಖ್ಯೆಯ ವರ್ಷಗಳಲ್ಲಿ ಮಾತ್ರ ಅಂತಾನೇ ಹೇಳ್ಬಹುದು, 2023, 2025 ಹಿಂಗೆ, ಜನ ಅದಕ್ಕೆ ತಕ್ಕಂಗೆ ಸಾಮಾನು ತಗೊಂಡಿಟ್ಕೊಳ್ತಾರೆ.

ಒಂದು ದೊಡ್ಡ ವ್ಯತ್ಯಾಸ ಇದೆ. ಇಲ್ಲಿನ ಪೆಸಿಫಿಕ್ ಸಾಲ್ಮನ್ ಮೊಟ್ಟೆ ಇಟ್ಟ ಮೇಲೆ ಸತ್ತೇ ಹೋಗ್ತದೆ. ನಮ್ಮ ಗೊಜಲೆ, ಬಾಳೆ ಸಾಯಲ್ಲ, ಬದುಕಿದ್ರೆ ಬರೋ ವರ್ಷ ಮತ್ತೆ ಹತ್ತಿ ಬರ್ತದೆ. ಹಂಗಾಗಿ ನಮ್ಮೂರಲ್ಲಿ ಮೊಟ್ಟೆ ಮೀನನ್ನ ಬಿಟ್ರೆ ಲಾಭ ಇನ್ನೂ ಜಾಸ್ತಿ.

ತುಂಗೆ ದಡದವ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಊರಿಗೆ ಫೋನ್ ಮಾಡಿ ಹತ್ಮೀನಿಗೆ ಬರಲ್ಲ, ನಿಷೇಧ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಗಾಳಕ್ಕೆ ಹೋಗೋಣ ಅಂತ ಹೇಳ್ದೆ. ಒಬ್ಬ ಸಿಟ್ಟಾದ, ಇನ್ನಿಬ್ಬರು ಒಪ್ಕೊಂಡ್ರು. ಗಾಜನೂರು ಅಣ್ಣ, ಜಾಗ ಮತ್ತೆ ಎರೆ ಬಗ್ಗೆ ಹೇಳ್ಲಿಲ್ಲ ನೀವು?

ಗಾಜನೂರು ಗಾಳ

ಹೇಳ್ತೀನಿ. ನಿಷೇಧ ಮುಗಿದ ಮಾರನೇ ದಿನಾನೇ ಹೊಳೆಗೆ ಓಡಬೇಡಿ. ನೀರು ಇನ್ನೂ ಕೆಂಪಾಗಿರ್ತದೆ, ಮೀನಿಗೆ ಎರೆ ಕಾಣಲ್ಲ, ಅದಕ್ಕಿಂತ ಮುಖ್ಯ ಜೀವ. ಗಾಜನೂರಿನ ತುಂಗಾ ಡ್ಯಾಮ್ ಹಿಡಿಯೋದು ಬರೀ 3.24 ಟಿಎಂಸಿ, ಭದ್ರಾ 71 ಚಿಲ್ಲರೆ, ಲಿಂಗನಮಕ್ಕಿ 150ರ ಮೇಲೆ. ತುಂಗಾ ಬೇಗ ತುಂಬೋದ್ರಿಂದ ಶೃಂಗೇರಿ ಕಡೆ ಮಳೆ ಜೋರಾದ್ರೆ ಇಲ್ಲಿ ಗೇಟು ಎತ್ತಲೇಬೇಕು, ನಿಮ್ಮ ತಲೆ ಮೇಲೆ ಬಿಸಿಲಿದ್ರೂ ಕೆಳಗೆ ನೀರು ಏರ್ತದೆ. ಬಂಡೆ ಮೇಲೆ ಕೂತವರು ವಾಪಸ್ ಬರೋಕೆ ದಾರಿ ಇಲ್ದಂಗಾಗಿರೋದು ಕಣ್ಣಾರೆ ನೋಡಿದೀನಿ. ಗಣಪತಿ ಹಬ್ಬ ಕಳೀಲಿ, ನೀರು ತಿಳಿಯಾಗ್ಲಿ. ಅಲ್ಲಿವರೆಗೆ ಕೆರೆಗೆ ಹೋಗಿ. ಕೆರೆಗಳನ್ನ ಗುತ್ತಿಗೆ ಕೊಟ್ಟಿರ್ತಾರೆ, ಕೆಲವು ಕಡೆ ಮೀನುಗಾರರ ಸಹಕಾರ ಸಂಘದ ಕೈಲಿರ್ತದೆ, ದುಡ್ಡು ಹಾಕಿ ಮರಿ ಬಿಟ್ಟಿರ್ತಾರೆ ಅವರು, ಅವರನ್ನ ಕೇಳದೇ ಗಾಳ ಹಾಕ್ಬಾರ್ದು. ಹೊಳೆ, ಡ್ಯಾಮಿನ ಪರವಾನಗಿಗೆ ಮೀನುಗಾರಿಕೆ ಇಲಾಖೆ ಆಫೀಸಲ್ಲಿ ಕೇಳಿ. ಭದ್ರಾ ಹಿನ್ನೀರಲ್ಲಿ ಹುಲಿ ಮೀಸಲು ಪ್ರದೇಶಕ್ಕೆ ಸೇರಿದ ಕಡೆ, ಶರಾವತಿ ಅಭಯಾರಣ್ಯದ ಕಡೆ ಹೋಗೋದೇ ಬೇಡ. ಶೃಂಗೇರಿ ಮಠದ ಹತ್ರ, ನಿಮ್ಮೂರಿನ ಚಿಪ್ಪಲಗುಡ್ಡೆ ಮತ್ಸ್ಯಧಾಮದ ಹತ್ರ ಗಾಳ ತೆಗೆಯೋ ಮಾತೇ ಇಲ್ಲ, ಅದು ನಿಮಗೂ ಗೊತ್ತಿರೋದೇ. ಹೊಳೇಲಿ ಮಹಶೀರ್ ಬಿದ್ರೆ ನೀರಲ್ಲೇ ಗಾಳ ಬಿಡಿಸಿ ಕಳಿಸಿ, ಸಾಗರದ ಹುಡುಗ ಹೇಳಿದ ಹಂಗೆ ಮುಳ್ಳು ಅಮುಕಿದ ಗಾಳ ಇದ್ರೆ ಒಂದು ಕ್ಷಣದ ಕೆಲಸ. ನಾನೂ ಈ ಸಲ ಎಲ್ಲಾ ಗಾಳಕ್ಕೂ ಹಂಗೇ ಮಾಡ್ತೀನಿ.

ಎರೆ ವಿಷ್ಯಕ್ಕೆ ಮೀನಿನ ಬಾಯಿ ನೋಡಿದ್ರೆ ಸಾಕು. ಕಾಟ್ಲಾ ಬಾಯಿ ಮೇಲ್ಮುಖ, ಅದು ಮೇಲಿನ ನೀರಲ್ಲಿ ಮೇಯ್ತದೆ. ರೋಹು ನಡುನೀರು. ಮೃಗಾಲ್ ತಳದಲ್ಲಿ. ಅದ್ಕೇ ಕಾಟ್ಲಾಗೆ ಬೆಂಡು ಕಟ್ಟಿ ಎರೆ ಮೇಲೆ ನಿಲ್ಲಿಸ್ಬೇಕು, ಮೃಗಾಲ್‌ಗೆ ಗುಂಡು ಕಟ್ಟಿ ತಳಕ್ಕೆ ಇಳಿಸ್ಬೇಕು. ಶೇಂಗಾ ಹಿಂಡಿ, ಅಕ್ಕಿ ತೌಡು, ಸ್ವಲ್ಪ ಮೈದಾ ಹಾಕಿ ಗಟ್ಟಿಯಾಗಿ ಕಲಸಿ, ನೀರಿಗೆ ಬಿದ್ದ ತಕ್ಷಣ ಬಿಚ್ಚಿ ಹೋಗಬಾರ್ದು, ಹಂಗಂತ ಕಲ್ಲಿನ ಹಂಗೂ ಇರಬಾರ್ದು. ಗಿರ್ಲಿಗೆ, ಗೊಜಲೆಗೆ ಎರೆಹುಳಾನೇ ಸರಿ, ಅದಕ್ಕಿಂತ ಒಳ್ಳೇದು ನಾನಂತೂ ನೋಡಿಲ್ಲ.

ಹೊಸನಗರ ಅಡಿಕೆ ತೋಟ

ಗಿರ್ಲಿನ ಬಗ್ಗೆ ಒಂದು ಮಾತು ಸೇರಿಸ್ತೀನಿ, ಅದರ ಎರಡೂ ಪಕ್ಕದ ರೆಕ್ಕೆಯಲ್ಲಿ, ಬೆನ್ನಿನ ರೆಕ್ಕೆಯಲ್ಲಿ ಮುಳ್ಳಿರ್ತದೆ, ಚುಚ್ಚಿದ್ರೆ ಕೈ ಊದ್ಕೊಂಡು ರಾತ್ರಿ ನಿದ್ದೆ ಇಲ್ಲ, ಹೊಸ ಹುಡುಗರನ್ನ ಕರ್ಕೊಂಡು ಹೋಗ್ತೀರಾದ್ರೆ ಮೊದಲೇ ಹೇಳಿಬಿಡಿ. ಇಂಬಳಕ್ಕೆ (ಜಿಗಣೆಗೆ) ಉಪ್ಪಿನ ಗಂಟು ತಗೊಂಡು ಹೋಗಿ, ಉದ್ದ ಕಾಲ್ಚೀಲ ಹಾಕಿ. ಮಳೆ ನಿಂತ ಮೇಲೂ ಹೊಳೆ ಅಂಚಿನ ತರಗೆಲೆಯಲ್ಲಿ ಅವು ಇದ್ದೇ ಇರ್ತಾವೆ. ಮತ್ತೆ ಕತ್ತರಿಸಿದ ಹಳೇ ಲೈನು ಅಲ್ಲೇ ಬಿಸಾಕಬೇಡಿ, ದನದ ಗೊರಸಿಗೆ, ಕೊಕ್ಕರೆ ಕಾಲಿಗೆ ಸುತ್ಕೊಳ್ತದೆ, ಚೀಲದಲ್ಲಿ ತುಂಬ್ಕೊಂಡು ಮನೆಗೇ ತನ್ನಿ.

ತುಂಗೆ ದಡದವ

ಸರಿ ಅಣ್ಣ. ಇವತ್ತು ಹತ್ತಿ ಆಡಿಸಿ ನೋಡ್ದೆ, ತುದಿಯಿಂದ ಎರಡನೇ ರಿಂಗಲ್ಲಿ ಎಳೆ ಸಿಕ್ಕಾಕ್ಕೊಳ್ತು. ಶಿವಮೊಗ್ಗದಲ್ಲಿ ರಿಂಗು ಬದಲಾಯಿಸಿ ಕೊಡೋರು ಯಾರಾದ್ರೂ ಇದಾರಾ, ಇಲ್ಲ ನಾವೇ ದಾರ ಸುತ್ತಿ ಎಪಾಕ್ಸಿ ಹಾಕಿ ಕೂರಿಸ್ಬೇಕಾ?

ಗಾಜನೂರು ಗಾಳ

ನೀವೇ ಮಾಡ್ಬಹುದು. ಹಳೇ ದಾರ ಬ್ಲೇಡಿಂದ ಉದ್ದಕ್ಕೆ ಸೀಳಿ ತೆಗೀರಿ, ರಾಡಿಗೆ ಗೀರು ಬೀಳದ ಹಂಗೆ ನೋಡ್ಕೊಳ್ಳಿ, ಹೊಸ ರಿಂಗನ್ನ ಬೇರೆ ರಿಂಗುಗಳ ಸಾಲಿಗೇ ನೇರ ಹಿಡಿದು ನೈಲಾನ್ ದಾರ ಬಿಗಿಯಾಗಿ ಸುತ್ತಿ, ಎಪಾಕ್ಸಿ ತೆಳ್ಳಗೆ ಹಚ್ಚಿ. ಗಟ್ಟಿಯಾಗೋವರೆಗೆ ರಾಡನ್ನ ಆಗಾಗ ತಿರುಗಿಸ್ತಾ ಇರಿ, ಇಲ್ದಿದ್ರೆ ಒಂದೇ ಕಡೆ ಇಳಿದು ಗಡ್ಡೆ ಕಟ್ತದೆ. ಈ ಥಂಡಿ ಹವೆಗೆ ಒಣಗೋದು ನಿಧಾನ, ಒಲೆ ಹತ್ರ ಮಾತ್ರ ಇಡಬೇಡಿ.