ಇಂಜಿನ್ ಕೆಳಗೆ ಆಯಿಲ್ ಜಿನುಗ್ತಿದೆ, ಹೀಗೇ ಓಡಿಸಬಹುದಾ?

ಎರಡನೇಗೇರು
ತಲೆ ಕೆಟ್ಟೋಗಿದೆ. ದಿನಾ ಬೆಳಿಗ್ಗೆ ಬೈಕ್ ಕೆಳಗೆ ಆಯಿಲ್ ಕಲೆ. ಒರೆಸಿದ್ರೆ ಮಾರನೇ ದಿನ ಮತ್ತೆ ಅದೇ. ಪಿಕಪ್ ಚೆನ್ನಾಗಿದೆ, ಹೊಗೆ ಇಲ್ಲ, ಶಬ್ದ ಇಲ್ಲ. ದೂರ ಹೊರಡೋದಿದೆ. ಓಡಿಸಬಹುದಾ, ಇಂಜಿನ್ ಬಿಚ್ಚಿಸ್ಲೇಬೇಕಾ? ಹೌದು, ಇಲ್ಲ, ಎರಡರಲ್ಲಿ ಒಂದು ಹೇಳಿ ಸಾಕು.

ಟ್ಯಾಪೆಟ್‌ಶಬ್ದ
ಹಳೇ ಆಯಿಲ್ ಇಳಿಸೋಕೆ ಬಿಚ್ಚೋ ಡ್ರೈನ್ ಬೋಲ್ಟ್ ಇದೆಯಲ್ಲ, ಅದರ ವಾಷರ್, ಬೇರೇನೂ ಅಲ್ಲ. ಆಯಿಲ್ ಬದಲಾಯಿಸುವಾಗ ಹಳೇ ವಾಷರನ್ನೇ ಮತ್ತೆ ಹಾಕಿರ್ತಾರೆ. ತಾಮ್ರದ್ದಾಗಲಿ ಅಲ್ಯೂಮಿನಿಯಂದಾಗಲಿ, ಒಂದು ಸಲ ಒತ್ತಿ ಚಪ್ಪಟೆಯಾದ್ಮೇಲೆ ಎರಡನೇ ಸಲ ಸರಿಯಾಗಿ ಕೂರಲ್ಲ. ಹೊಸದು ಹಾಕಿ. ಸೋರ್ತಿದೆ ಅಂತ ಉದ್ದ ಸ್ಪ್ಯಾನರ್ ಹಾಕಿ ಎಳೀಬೇಡಿ, ಕೇಸಿನ ಥ್ರೆಡ್ಡೇ ಕಿತ್ತು ಬರುತ್ತೆ.

ಗ್ರೀಸ್‌ಕೈ
ಯಾವ ಗಾಡಿ? ಯಾವ ಕಡೆ? ರಾತ್ರಿಗೆ ಒಂದು ಹನಿಯಾ, ಅಂಗೈ ಅಗಲದ ಕಲೆಯಾ? ಇದಿಲ್ಲದೆ ಹೌದು ಅಂತಾನೂ ಹೇಳಕ್ಕಾಗಲ್ಲ, ಇಲ್ಲ ಅಂತಾನೂ ಹೇಳಕ್ಕಾಗಲ್ಲ.

ಎರಡನೇಗೇರು
150 ಸಿಸಿ. ಎಡಗಡೆ, ಗೇರ್ ಲಿವರ್ ಹತ್ರ. ಎರಡು ಮೂರು ಹನಿ.

ಟ್ಯಾಪೆಟ್‌ಶಬ್ದ
ಡ್ರೈನ್ ಬೋಲ್ಟ್ ಮುಟ್ಟಿ ನೋಡಿ, ಒದ್ದೆ ಇರುತ್ತೆ.

ಗ್ರೀಸ್‌ಕೈ
ಇರ್ಲೇಬೇಕಲ್ವಾ ಸರ್, ಇಂಜಿನ್ನಿನಲ್ಲಿ ಎಲ್ಲಕ್ಕಿಂತ ಕೆಳಗಿರೋದೇ ಅದು. ಮೇಲೆ ಎಲ್ಲಿ ಸೋರಿದ್ರೂ ಅಲ್ಲಿಗೇ ಇಳಿಯುತ್ತೆ, ಓಡುವಾಗ ಗಾಳಿ ಹಿಂದಕ್ಕೂ ತಳ್ಳುತ್ತೆ. ಹುಡುಕಬೇಕಾದ್ದು ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಒದ್ದೆಯಾಗಿರೋ ಜಾಗ.

ತಣ್ಣಗಿರೋ ಇಂಜಿನ್ನನ್ನ ಸೀಮೆಎಣ್ಣೆ, ಬ್ರಷ್ ಹಾಕಿ ತೊಳೀರಿ. ಪೂರ್ತಿ ಒಣಗಿಸಿ. ಸಂದೇಹ ಇರೋ ಕಡೆಯೆಲ್ಲಾ ಟಾಲ್ಕಂ ಪೌಡರ್ ತೆಳ್ಳಗೆ ಉದುರಿಸಿ, ಹತ್ತು ನಿಮಿಷ ನಿಂತಲ್ಲೇ ಓಡಿಸಿ. ಬಿಳಿ ಪೌಡರ್ ಮೇಲೆ ಕಂದು ಗೆರೆ ಎಲ್ಲಿಂದ ಶುರುವಾಗುತ್ತೋ ಸೋರೋದು ಅಲ್ಲೇ.

ಕಿಕ್ಕರ್‌ರಾಡ್
ಸಿಂಥೆಟಿಕ್ ಹಾಕಿರ್ತೀರಾ, ಅದಕ್ಕೇ. 20ಡಬ್ಲ್ಯೂ-50 ದರ್ಜೆಯ ದಪ್ಪ ಮಿನರಲ್ ಆಯಿಲ್ ಹಾಕಿ, ನಿಲ್ಲುತ್ತೆ. ನನ್ನ ಗಾಡೀಲಿ ಅದೇ ಇರೋದು, ಜೊತೆಗೆ ಆಯಿಲ್ ಕೂಲರ್, ಸ್ಟೀಲ್ ಹೆಣಿಗೆಯ ಪೈಪು. ಒಂದು ಹನಿ ಬೀಳಲ್ಲ.

ಗ್ರೀಸ್‌ಕೈ
ಗುರು, ತೆಳು 10ಡಬ್ಲ್ಯೂ-30 ಹೇಳಿರೋ ಇಂಜಿನ್ನಿಗೆ ದಪ್ಪ ಆಯಿಲ್ ಹಾಕಿದ್ರೆ ಸೋರೋದು ನಿಧಾನ ಆಗಬಹುದು, ಸವೆದ ಸೀಲ್, ಅಂದ್ರೆ ಶಾಫ್ಟ್ ಸುತ್ತ ಆಯಿಲ್ ತಡೆಯೋ ರಬ್ಬರ್ ಉಂಗುರ, ಸರಿಯಾಗಲ್ಲ. ತಣ್ಣಗೆ ಸ್ಟಾರ್ಟ್ ಮಾಡಿದಾಗ ಇಂಜಿನ್ ಮೇಲ್ಭಾಗದ ಹೆಡ್ಡಿಗೆ ಆಯಿಲ್ ಏರೋದು ಮಾತ್ರ ತಡ ಆಗುತ್ತೆ. ಸೋರಿಕೆ ನಿಲ್ಲಿಸೋ ಡಬ್ಬಿ ಔಷಧಿಗಳನ್ನೂ ಸುರೀಬೇಡಿ, ಕ್ಲಚ್ ಅದೇ ಆಯಿಲ್ಲಲ್ಲಿ ಮುಳುಗಿರುತ್ತೆ, ಜಾರೋಕೆ ಶುರುವಾಗಬಹುದು.

ಕಿಕ್ಕರ್‌ರಾಡ್
ದಪ್ಪ ಆಯಿಲ್‌ಗೆ ಏನೂ ಆಗಲ್ಲ, ಹಳೇ ಗಾಡಿಗಳೆಲ್ಲಾ ಅದರಲ್ಲೇ ಓಡಿದ್ದು.

ಟ್ಯಾಪೆಟ್‌ಶಬ್ದ
ಅವು ಆ ಆಯಿಲ್‌ಗೇ ಮಾಡಿದ ಇಂಜಿನ್ನು. ವಾಷರ್ ಬದಲಾಯಿಸಿದ್ರಾ?

ಎರಡನೇಗೇರು
ಪೌಡರ್ ಹಾಕಿದೆ. ಡ್ರೈನ್ ಬೋಲ್ಟ್ ಸುತ್ತ ಒಣಗೇ ಇದೆ. ಚೈನ್ ಎಳೆಯೋ ಮುಂದಿನ ಹಲ್ಲುಚಕ್ರ, ಸ್ಪ್ರಾಕೆಟ್, ಅದರ ಕವರ್ ಒಳಗಿಂದ ಇಳೀತಿದೆ. ಚೈನ್ ಸೆಟ್ ಹೊಸದು, ಈಗಷ್ಟೇ ಹಾಕಿಸಿದ್ದು, ಅದಕ್ಕೂ ಇದಕ್ಕೂ ಸಂಬಂಧ ಇರಲಿಕ್ಕಿಲ್ಲ.

ಗ್ರೀಸ್‌ಕೈ
ಪೂರಾ ಸಂಬಂಧ ಇದೆ. ಚೈನ್ ಅತಿ ಬಿಗಿ ಇದ್ರೆ ಸ್ಪ್ರಾಕೆಟ್ ಶಾಫ್ಟನ್ನ ಸದಾ ಹಿಂದಕ್ಕೆ ಎಳೀತಾನೇ ಇರುತ್ತೆ. ಬೇರಿಂಗ್ ಮೇಲೆ ಭಾರ, ಸೀಲಿನ ತುಟಿ ಒಂದೇ ಕಡೆ ಸವೀತದೆ.

ಕವರ್ ತೆಗೀರಿ. ಅಂಟಂಟಾಗಿ ನೂಲು ಬಂದ್ರೆ ಅದು ಚೈನ್ ಲ್ಯೂಬ್, ನೀರಾಗಿದ್ರೆ ಇಂಜಿನ್ ಆಯಿಲ್. ಆಮೇಲೆ ಚೈನ್ ಸಡಿಲ, ಅಂದ್ರೆ ನಡುವೆ ಒತ್ತಿದ್ರೆ ಮೇಲೆ ಕೆಳಗೆ ಎಷ್ಟು ಆಡುತ್ತೆ ಅಂತ ಅಳೀರಿ. ಈ ವರ್ಗದ ಗಾಡಿಗಳಲ್ಲಿ ಸಾಮಾನ್ಯವಾಗಿ 25 ರಿಂದ 35 ಮಿ.ಮೀ. ಇರುತ್ತೆ, ನಿಮ್ಮದಕ್ಕೆ ಎಷ್ಟು ಅಂತ ಮ್ಯಾನುಯಲ್‌ನಲ್ಲಿದೆ. ಚಕ್ರ ತಿರುಗಿಸ್ತಾ ಎಲ್ಲಿ ಹೆಚ್ಚು ಬಿಗಿಯಿದೆಯೋ ಅಲ್ಲಿ ಅಳೀಬೇಕು. ಕೊನೇಗೆ ಚೈನ್ ಸಡಿಲಿಸಿ ಸ್ಪ್ರಾಕೆಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಶಾಫ್ಟೇ ಅಲ್ಲಾಡಿದ್ರೆ ಬೇರಿಂಗ್ ಹೋಗಿದೆ, ಗಾಡಿ ತೆಗೀಬೇಡಿ. ಅಲ್ಲಾಡದಿದ್ರೆ ಸೀಲ್ ಮಾತ್ರ. ಆದ್ರೆ ಗೇರ್ ಲಿವರ್ ಶಾಫ್ಟಿನ ಸೀಲೂ ಅಲ್ಲೇ ಪಕ್ಕದಲ್ಲಿರುತ್ತೆ, ಯಾವುದು ಅಂತ ಕಣ್ಣಲ್ಲಿ ನೋಡಿಯೇ ಕೈ ಹಾಕಿ.

ಬಹಳಷ್ಟು ಗಾಡಿಗಳಲ್ಲಿ ಸೀಲ್ ಹೊರಗಿಂದಲೇ ಬರುತ್ತೆ, ಕೆಲವದರಲ್ಲಿ ಮಾತ್ರ ಕೇಸ್ ಬಿಚ್ಚಬೇಕು. ತೆಗೆಯುವಾಗ ಶಾಫ್ಟಿಗೆ ಗೀರು ಬಿದ್ರೆ ಹೊಸ ಸೀಲೂ ಸೋರುತ್ತೆ. ತುಟಿಗೆ ಗ್ರೀಸ್ ಸವರಿ, ಸ್ಪ್ರಿಂಗ್ ಇರೋ ಮುಖ ಒಳಗಡೆಗೆ ಇಟ್ಟು, ಸೀಲಿನಷ್ಟೇ ಅಗಲದ ಸಾಕೆಟ್ಟಿಂದ ನೇರವಾಗಿ ತಟ್ಟಿ.

ಎರಡನೇಗೇರು
ಶಾಫ್ಟ್ ಅಲ್ಲಾಡ್ತಿಲ್ಲ. ಚೈನ್ ಒಂದು ಕಡೆ ತುಂಬಾ ಬಿಗಿ. ಸೀಲ್ ಸಿಗೋವರೆಗೆ ಓಡಿಸಬಹುದಾ?

ಗ್ರೀಸ್‌ಕೈ
ಮೊದಲು ಚೈನ್ ಸರಿ ಮಾಡಿ. ಆಮೇಲೆ ಹತ್ತಿರದ ಓಡಾಟಕ್ಕೆ ಪರವಾಗಿಲ್ಲ, ದಿನಾ ಆಯಿಲ್ ಲೆವೆಲ್ ನೋಡಿ. ಒಂದು ಲೀಟರ್ ಹಿಡಿಯೋ ಇಂಜಿನ್ನಲ್ಲಿ 200 ಎಂ.ಎಲ್. ಹೋದ್ರೆ ಐದರಲ್ಲಿ ಒಂದು ಪಾಲೇ ಹೋದಂಗೆ. ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ ನಿಲ್ಲಿಸಿ ಎರಡು ಮೂರು ನಿಮಿಷ ಬಿಟ್ಟು ನೋಡಿ.

ನನಗೆ ಹೆಚ್ಚು ಭಯ ಟೈರಿಂದು. ಆ ಆಯಿಲ್ ಚೈನ್ ಹಿಡಿದು ಹಿಂದಿನ ಟೈರಿಗೇ ಹಾರುತ್ತೆ. ಟೈರಿನ ಅಂಚಿನಲ್ಲಾಗಲಿ ಬ್ರೇಕಿನಲ್ಲಾಗಲಿ ಸ್ವಲ್ಪ ಪಸೆ ಕಂಡ್ರೂ ಗಾಡಿ ನಿಲ್ಲಿಸಿಬಿಡಿ, ತಿರುವಲ್ಲಿ ಹಿಂದಿನ ಚಕ್ರ ಜಾರಿದ್ರೆ ಹಿಡಿಯೋಕಾಗಲ್ಲ. ದೂರದ ಪ್ರಯಾಣ ಸೀಲ್ ಹಾಕಿದ್ಮೇಲೇ.

ಕಿಕ್ಕರ್‌ರಾಡ್
ಬಲಗಡೆ ಕ್ಲಚ್ ಕವರ್ ಅಂಚಲ್ಲಿ ಜಿನುಗೋದಕ್ಕೂ ಪೌಡರ್ ನಡೆಯುತ್ತಾ? ಸಿಲಿಕಾನ್ ಅಂಟು ಬಳಿದ್ರೆ ಸಾಕಲ್ವಾ?

ಗ್ರೀಸ್‌ಕೈ
ಪೌಡರ್ ನಡೆಯುತ್ತೆ. ಅಂಟು ಬೇಡ, ಒಳಗೆ ಉಕ್ಕಿದ್ದು ಕಿತ್ತು ಹೋಗಿ ಆಯಿಲ್ ಜಾಲರಿಗೆ ಕೂರುತ್ತೆ, ಕವರ್ ಅಂಚಿಗೆ ಕೂರೋ ತೆಳು ಪಟ್ಟಿ ಇದೆಯಲ್ಲ, ಆ ಗ್ಯಾಸ್ಕೆಟ್ಟೇ ಹೊಸದು ಹಾಕಿ. ಉಳಿದದ್ದಕ್ಕೆ ಬೇರೆ ಚರ್ಚೆ ತೆರೀರಿ, ಗಾಡಿ ಯಾವುದು ಅಂತ ಮೊದಲ ಸಾಲಲ್ಲೇ ಹಾಕಿ.