ಶಾಲೆಯ ಅಂಕ 80, ಹೊರಗಿನ ಪರೀಕ್ಷೆಯಲ್ಲಿ 50: ಗಾಳಿ ತುಂಬಿದ್ದು ಎಲ್ಲಿ?

ಹಾಜರಿಪುಸ್ತಕ:
ಸರ್ಕಾರಿ ಪ್ರೌಢಶಾಲೆ, ಗಣಿತ, 40 ಮಕ್ಕಳು. ನಾವು ಕೊಡುವ ಅಂಕದ ಸರಾಸರಿ 80ರ ಆಸುಪಾಸು. ಹೊರಗಿನವರೇ ಪ್ರಶ್ನೆಪತ್ರಿಕೆ ತೆಗೆದು, ಅವರೇ ತಿದ್ದುವ ಪರೀಕ್ಷೆಯಲ್ಲಿ ಅದೇ ಮಕ್ಕಳು 50 ದಾಟುವುದಿಲ್ಲ. ತಿದ್ದುವಾಗ ಕೈ ಸಡಿಲ ಬಿಡುತ್ತಿಲ್ಲ. ಹಂಚಿಕೆ ಹೀಗಿದೆ: ಹೋಮ್‌ವರ್ಕ್ 30, ಪ್ರಾಜೆಕ್ಟ್ 20, ಪಾಲ್ಗೊಳ್ಳುವಿಕೆ 10, ಟೆಸ್ಟ್ 40. ಎಲ್ಲಿಂದ ಸರಿಮಾಡುವುದು? ವರ್ಷದ ನಡುವೆ ಬದಲಿಸಬಹುದೇ?

ಕೆಂಪುಶಾಯಿ:
ಉತ್ತರ ನಿಮ್ಮ ಹಂಚಿಕೆಯಲ್ಲೇ ಇದೆ ಸಾರ್. ಹೋಮ್‌ವರ್ಕ್ 100, ಪ್ರಾಜೆಕ್ಟ್ 95, ಪಾಲ್ಗೊಳ್ಳುವಿಕೆ 100, ಟೆಸ್ಟ್ 50 ಬಂದ ಹುಡುಗಿಯ ಲೆಕ್ಕ ಹಾಕಿ. 30+19+10+20, ಒಟ್ಟು 79. ಪಾಠ ಅರ್ಧ ಬಂದಿದೆ, ಅಂಕಪಟ್ಟಿ 79 ಅನ್ನುತ್ತದೆ. ಹೋಮ್‌ವರ್ಕ್ 10, ಪ್ರಾಜೆಕ್ಟ್ 15, ಟೆಸ್ಟ್ 75 ಮಾಡಿದರೆ ಅವಳಿಗೇ ಸುಮಾರು 62.

ಇನ್ನೊಂದು ಕೆಲಸ. ಒಂದೊಂದು ಕಾಲಂ ಪಕ್ಕದಲ್ಲೂ ಹೊರಗಿನ ಪರೀಕ್ಷೆಯ ಅಂಕ ಬರೆದು ನೋಡಿ. ಎಲ್ಲರಿಗೂ 95ರ ಮೇಲೆ ಬಿದ್ದಿರುವ ಕಾಲಂ ಏನನ್ನೂ ಅಳೆಯುತ್ತಿಲ್ಲ, ಸರಾಸರಿಯನ್ನು ಎತ್ತುತ್ತಿದೆ ಅಷ್ಟೆ. ಶಿಸ್ತು, ನೀಟಾದ ನೋಟ್‌ಬುಕ್ಕು ಮುಖ್ಯವೇ, ಆದರೆ ಅವು ಷರಾ ಕಾಲಂಗೆ ಹೋಗಲಿ.

ಲೆಕ್ಕದಮೇಡಂ:
ಹಂಚಿಕೆ ಬದಲಿಸಿದರೂ ಟೆಸ್ಟೇ ಸಪ್ಪೆಯಾಗಿದ್ದರೆ ಪ್ರಯೋಜನವಿಲ್ಲ. ಪಾಠದಲ್ಲಿ ಬಿಡಿಸಿದ ವರ್ಗ ಸಮೀಕರಣಕ್ಕೆ ಅಂಕಿ ಬದಲಿಸಿ ‘ಬಿಡಿಸಿ’ ಅಂತ ಕೊಟ್ಟರೆ ನೆನಪಿನ ಪರೀಕ್ಷೆಯಾಯಿತು. ‘ಆಯತದ ಉದ್ದ ಅಗಲಕ್ಕಿಂತ 3 ಮೀಟರ್ ಹೆಚ್ಚು, ವಿಸ್ತೀರ್ಣ 40 ಚದರ ಮೀಟರ್, ಅಗಲವೆಷ್ಟು?’ ಅಂತ ಕೇಳಿ. ಸಮೀಕರಣವನ್ನು ಮಗುವೇ ಕಟ್ಟಬೇಕು. 5 ಮತ್ತು ಋಣ 8 ಬಂದಾಗ ಋಣ 8 ಅನ್ನು ಯಾಕೆ ಬಿಡಬೇಕೆಂದೂ ಹೇಳಬೇಕು. ಮಕ್ಕಳು ಬೀಳುವುದು ಸಮೀಕರಣ ಕಟ್ಟುವಲ್ಲೇ.

ಟೆಸ್ಟ್ ಮುಗಿದ ಮೇಲೆ ಒಟ್ಟು ಅಂಕದ ಮೇಲಿನ 11, ಕೆಳಗಿನ 11 ಉತ್ತರಪತ್ರಿಕೆ ತೆಗೆದಿಡಿ. ಒಂದು ಪ್ರಶ್ನೆಯನ್ನು ಮೇಲಿನವರಲ್ಲಿ 10 ಜನ, ಕೆಳಗಿನವರಲ್ಲಿ 9 ಜನ ಸರಿಮಾಡಿದ್ದರೆ ವ್ಯತ್ಯಾಸ 1, ಅದನ್ನು 11ರಿಂದ ಭಾಗಿಸಿದರೆ 0.09. 0.2ಕ್ಕಿಂತ ಕಡಿಮೆ ಬಂದ ಪ್ರಶ್ನೆ ಬಲ್ಲವರನ್ನೂ ಬಾರದವರನ್ನೂ ಬೇರ್ಪಡಿಸುತ್ತಿಲ್ಲ. ಧೈರ್ಯ ತುಂಬಲು ಅಂಥವು ಒಂದೆರಡು ಇರಲಿ, ಪತ್ರಿಕೆಯ ಅರ್ಧ ಅವೇ ಆಗಬಾರದು.

ತಿದ್ದುವಾಗ ಹೆಸರು ಮಡಚಿ, ಎಲ್ಲರ 1ನೇ ಪ್ರಶ್ನೆ ಮುಗಿಸಿ 2ನೆಯದಕ್ಕೆ ಹೋಗಿ. ಕೊನೆಗೆ ಮೊದಲ ಐದು ಪತ್ರಿಕೆ ಮತ್ತೆ ನೋಡಿ. ಕೈ ಸಡಿಲವಾಗಿಲ್ಲ ಅನ್ನುವವರಿಗೂ ಅಲ್ಲಿ ಒಂದೆರಡು ಅಂಕ ಹೆಚ್ಚುಕಮ್ಮಿ ಸಿಗುತ್ತದೆ.

ಮೂರನೇಬೆಂಚು:
ಇದು ಒಂದು ಶಾಲೆಯ ಕಾಯಿಲೆಯಲ್ಲ. ಅಮೆರಿಕದಲ್ಲಿ ಹೈಸ್ಕೂಲ್ ಮುಗಿಸಿದವರ ಸರಾಸರಿ ಜಿಪಿಎ (4ಕ್ಕೆ ಲೆಕ್ಕ ಹಾಕುವ ಗ್ರೇಡ್ ಸರಾಸರಿ) 1990ರಲ್ಲಿ 2.68 ಇತ್ತು, 2019ಕ್ಕೆ 3.11 ಆಯಿತು. ಆದರೆ 2009ರಿಂದ 2019ರ ನಡುವೆ ಅಲ್ಲಿನ ರಾಷ್ಟ್ರೀಯ ಪರೀಕ್ಷೆಯಲ್ಲಿ ಗಣಿತದ ಅಂಕ ಇಳಿಯಿತು.

ಹಾಗಂತ ಸೊನ್ನೆ ಹಾಕಿ ಬಿಗಿ ಮಾಡಲು ಹೋಗಬೇಡಿ. 85, 80, 0, 90, 75 ಇದ್ದರೆ ಸರಾಸರಿ 66, ಸೊನ್ನೆ ಬಿಟ್ಟು ಉಳಿದ ನಾಲ್ಕರ ಸರಾಸರಿ 82.5. ಕೊಡದ ಒಂದು ಹಾಳೆ 16.5 ಅಂಕ ನುಂಗಿತು. ಸೊನ್ನೆಯ ಬದಲು ಪುಕ್ಕಟೆ 50 ಕೊಡುವುದು ಇನ್ನೊಂದು ಅತಿ. ‘ಬಾಕಿ’ ಎಂದು ಬರೆದು ಎರಡು ವಾರ ಗಡುವು ಕೊಡಿ, ಅದೂ ಮೀರಿದರೆ ಸೊನ್ನೆ.

ಮರುಪರೀಕ್ಷೆಯಲ್ಲೂ ಅಂಕ ಉಬ್ಬುತ್ತದೆ. ಅದೇ ಪತ್ರಿಕೆ ಕೊಟ್ಟರೆ ಉತ್ತರ ಬಾಯಿಪಾಠವಾಗಿರುತ್ತದೆ. ಮೊದಲು ತಪ್ಪುಗಳನ್ನು ತಿದ್ದಿ ಬರೆದು ತೋರಿಸಲಿ, ಆಮೇಲೆ ಬೇರೆ ಪ್ರಶ್ನೆ ಕೊಡಿ.

ಕೆಂಪುಶಾಯಿ:
ವರ್ಷದ ನಡುವೆ ಹಂಚಿಕೆ ಮುಟ್ಟಬೇಡಿ. ಕೊಟ್ಟ ಅಂಕ ಕಿತ್ತುಕೊಂಡಂತಾಗುತ್ತದೆ, ಪೋಷಕರು ಜಗಳಕ್ಕೆ ಬಂದರೆ ತಪ್ಪೂ ಅಲ್ಲ. ಈಗ ಪ್ರಶ್ನೆಗಳನ್ನು ಬಿಗಿಮಾಡಿ, ಒಂದು ಮಾದರಿ ಪತ್ರಿಕೆಯನ್ನು ಮೊದಲೇ ಕೈಗೆ ಕೊಡಿ. ಹೊಸ ಹಂಚಿಕೆ ಮುಂದಿನ ವರ್ಷದ ಮೊದಲ ದಿನ, ಲಿಖಿತವಾಗಿ. ಪಕ್ಕದ ವಿಭಾಗದವರೂ ಅದನ್ನೇ ಹಿಡಿಯಬೇಕು, ಇಲ್ಲದಿದ್ದರೆ ಎಲ್ಲರೂ ಸೆಕ್ಷನ್ ಬದಲಿಸಲು ಅರ್ಜಿ ಹಿಡಿದು ನಿಲ್ಲುತ್ತಾರೆ.